ಬಾಗಿಲಾಚೆಯ ಬಿಸ್ಕತ್ತಿನ ಡಬ್ಬಿ

ಲ್ಯಾಬಿನ ಬಾಗಿಲ ಹೊರಗೆ ಒಂದು ಸ್ಟೂಲು, ಅದರ ಮೇಲೊಂದು ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಹೋಗುವವರು ಚಪ್ಪಲಿ ಬಿಟ್ಟಂತೆ ಮೊಬೈಲನ್ನೂ ಅಲ್ಲೇ ಬಿಟ್ಟು ಹೋಗಬೇಕು. ಒಳಗಿನದು ಅಷ್ಟು ನಾಜೂಕಿನ ಕೆಲಸ. ಲೋಹದ ಚೂರೊಂದನ್ನು ದ್ರವ ಹೀಲಿಯಂನಲ್ಲಿ ಇಳಿಬಿಟ್ಟು, ಆ ಕೊರೆಯುವ ಚಳಿಯಲ್ಲಿ ಅದರೊಳಗೆ ವಿದ್ಯುತ್ತು ಹೇಗೆ ಹರಿಯುತ್ತದೆಂದು ಅಳೆಯುತ್ತಾರೆ. ಪಕ್ಕದಲ್ಲಿ ಮೊಬೈಲು ಮಿಸುಕಿದರೂ ಅಳತೆ ಕೆಟ್ಟಿತೆಂದೇ ಲೆಕ್ಕ. ಹೀಲಿಯಂ ಸಿಗುವುದೂ ಅಪರೂಪ. ಬಂದ ದಿನವೇ ಮುಗಿಸದಿದ್ದರೆ ಆವಿಯಾಗಿ ಹೋಗುತ್ತದೆ.

ಭೌತಶಾಸ್ತ್ರ ವಿಭಾಗದ ಆ ಲ್ಯಾಬು ನಡೆಸುತ್ತಿದ್ದ ಪ್ರೊಫೆಸರು ಕೆಟ್ಟವರೇನಲ್ಲ. ತಮ್ಮ ಫ್ಲಾಸ್ಕಿನ ಚಹಾವನ್ನು ವಿದ್ಯಾರ್ಥಿಗಳಿಗೂ ಬಗ್ಗಿಸಿ ಕೊಡುವ ಮನುಷ್ಯ. ಆದರೆ ಹೊಸಬರು ಬಂದರೆ ಒಂದು ಕಥೆ ಹೇಳದೆ ಬಿಡುತ್ತಿರಲಿಲ್ಲ: ತಂದೆಯ ಅಂತ್ಯಕ್ರಿಯೆ ಮುಗಿಸಿದ ಸಂಜೆಯೇ ತಾವು ಬಂದು ಅಳತೆಗೆ ಕೂತದ್ದು. ಕೇಳಿದವರು ಅಬ್ಬಾ ಎನ್ನುತ್ತಿದ್ದರು. ಅಬ್ಬಾ ಎಂದವರೇ ಮುಂದೆ ತಮ್ಮ ಜ್ವರ, ಅಕ್ಕನ ಮದುವೆ ಎಲ್ಲವನ್ನೂ ತುಟಿಪಿಟಕ್ಕೆನ್ನದೆ ನುಂಗಲು ಕಲಿಯುತ್ತಿದ್ದರು.

ಹಾಗೆ ಕಲಿತವರಲ್ಲಿ ದರ್ಜಿಯ ಮಗಳೂ ಒಬ್ಬಳು. ದರ್ಜಿಯೆಂದರೆ ಅವಳ ಅಮ್ಮನೇ. ಮಗಳ ಸಂಶೋಧನೆಯೆಂದರೆ ಆ ತಾಯಿಗೆ ಹೆಮ್ಮೆಗಿಂತ ಸೋಜಿಗ ಹೆಚ್ಚು. ಇಷ್ಟು ಓದಿ ಕೊನೆಗೆ ಐಸ್ ಮಾಡೋದು ಕಲಿತೆಯಲ್ಲೇ ಎಂದು ಛೇಡಿಸುತ್ತಿದ್ದಳು. ಅಂಥ ಅಮ್ಮ ಎದೆನೋವೆಂದು ಆಸ್ಪತ್ರೆ ಸೇರಿದಾಗ ಮಗಳು ರಜೆ ಕೇಳಿದಳು.

“ಡಾಕ್ಟರು ಏನಂದ್ರು?” ಎಂದರು ಪ್ರೊಫೆಸರು.

“ಸದ್ಯಕ್ಕೆ ಗಾಬರಿ ಏನಿಲ್ಲ ಅಂದಿದ್ದಾರೆ ಸರ್. ಆದ್ರೂ...”

“ನಾಳೆ ಹೀಲಿಯಂ ಬರುತ್ತಮ್ಮಾ. ಮತ್ತೆ ಸಿಗೋದು ಯಾವಾಗಲೋ ಏನೋ. ಒಂದು ದಿನ ಕೂತು ಮುಗಿಸಿಬಿಡು, ನಾಡಿದ್ದು ಹೊರಡು.”

ಅವಳು ತಲೆಯಾಡಿಸಿದಳು. ಆ ಅಳತೆ ಅವಳಿಗೂ ಬೇಕಿತ್ತು, ಸುಳ್ಳೇಕೆ.

ಮರುದಿನ ಮಧ್ಯಾಹ್ನ ಪ್ರೊಫೆಸರು ಬಾಗಿಲ ಬಳಿ ಬಂದಾಗ ಡಬ್ಬಿಯೊಳಗೆ ಅವಳ ಮೊಬೈಲು ಬಡಿದುಕೊಳ್ಳುತ್ತಿತ್ತು. ಮುಚ್ಚಳ ತೆಗೆದರೆ ‘ಅಣ್ಣ’ ಎಂದಿತ್ತು. ಒಳಗೆ ಅಳತೆ ಕೊನೆಯ ಹಂತಕ್ಕೆ ಬಂದಿತ್ತು. ಇನ್ನೊಂದು ಗಂಟೆ ತಾನೇ, ಆಮೇಲೆ ಹೇಳಿದರಾಯಿತು ಎಂದುಕೊಂಡು ಅವರು ಕರೆ ಕತ್ತರಿಸಿ ಮುಚ್ಚಳ ಹಾಕಿದರು.

ಆ ಒಂದು ಗಂಟೆಯೊಳಗೇ ಅಮ್ಮ ತೀರಿಹೋದಳು.

ಎಷ್ಟೋ ದಿನಗಳ ಮೇಲೆ ಅವಳು ಹಿಂತಿರುಗಿ, ಅವತ್ತಿನ ಅಳತೆಯ ಗ್ರಾಫು ಬಿಡಿಸುತ್ತಾ ಕೂತಳು. ಗೆರೆ ಬಹಳ ಚೊಕ್ಕವಾಗಿ ಬಂದಿತ್ತು. ಪ್ರೊಫೆಸರು ಸಮಾಧಾನ ಹೇಳಲೆಂದು ಬಂದು ಪಕ್ಕದಲ್ಲಿ ನಿಂತರು. ಅವಳೇ ಬಾಯಿಬಿಟ್ಟಳು.

“ಅಮ್ಮ ನನ್ನ ಹತ್ರ ಮಾತಾಡ್ಬೇಕು ಅಂದ್ಲಂತೆ ಸರ್. ಅಣ್ಣ ಫೋನು ಮಾಡಿ ಅವಳ ಕಿವಿಗೆ ಹಿಡಿದಿದ್ದ. ರಿಂಗಾಗೋದು ನಿಂತಿತಲ್ಲ, ನಾನು ಎತ್ತಿದೆ ಅಂದ್ಕೊಂಡ್ಳು. ‘ಕೆಲಸ ಮುಗಿಸ್ಕೊಂಡು ನಿಧಾನಕ್ಕೆ ಬಾ ಪುಟ್ಟಿ’ ಅಂದ್ಲಂತೆ. ನಾನು ಎತ್ತಿಲ್ಲ ಅನ್ನೋಕೆ ಅಣ್ಣನಿಗೆ ಬಾಯಿ ಬರಲಿಲ್ಲ.”

“ಕತ್ತರಿಸಿದ್ದು ನಾನಮ್ಮಾ” ಎಂದರು ಪ್ರೊಫೆಸರು.

“ಅಂದ್ಕೊಂಡೆ ಸರ್” ಎಂದು ಅವಳು ಗ್ರಾಫಿನತ್ತ ತಿರುಗಿದಳು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಅವರು ತಂದೆಯ ಕಥೆ ಎತ್ತಲಿಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬ ಯಾರಿಂದಲೋ ಕೇಳಿ ತಿಳಿದು, ಅಂತ್ಯಕ್ರಿಯೆಯ ದಿನವೂ ನೀವು ಕೆಲಸಕ್ಕೆ ಬಂದಿದ್ದಿರಂತೆ ಎಂದು ಭಕ್ತಿಯಿಂದ ವಿಚಾರಿಸಿದ. “ಹೂಂ. ಅವತ್ತು ಮನೇಲಿ ನಮ್ಮಮ್ಮ ಒಬ್ಬಳೇ ಕೂತಿದ್ದಳು” ಎಂದಷ್ಟೇ ಹೇಳಿದರು.

ಮುಂದೆ ಹೀಲಿಯಂ ಬಂದಾಗ ಅಳತೆಗೆ ಕೂತವನು ಅದೇ ಹುಡುಗ. ದರ್ಜಿಯ ಮಗಳು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದಳು. ಗೆರೆ ಇನ್ನೇನು ತುದಿ ಮುಟ್ಟಬೇಕು, ಬಾಗಿಲು ತೆರೆಯಿತು. ಪ್ರೊಫೆಸರು ಒಳಬಂದರು, ಕೈಯಲ್ಲಿ ಹುಡುಗನ ಮೊಬೈಲು ರಿಂಗಾಗುತ್ತಲೇ ಇತ್ತು. ಪರದೆಯ ಮೇಲಿನ ಗೆರೆ ಎಗರಿ ಚೆಲ್ಲಾಪಿಲ್ಲಿಯಾಯಿತು.

“ಸರ್, ಅಳತೆ ಹೋಯ್ತು” ಎಂದು ಹುಡುಗ ಎದ್ದೇ ನಿಂತ.

“ಹೋಗ್ಲಿ ಬಿಡಪ್ಪಾ. ನಿಮ್ಮಮ್ಮ ಕರೀತಿದ್ದಾರೆ, ಮಾತಾಡು.”

ಆ ತಾಯಿಗೆ ಬೇಕಿದ್ದುದು ಬೀರುವಿನ ಕೀಲಿ. ಅಲ್ಲೇ ಮೊಳೆಗೆ ನೇತುಹಾಕಿದ್ದೀನಮ್ಮಾ, ಸರಿಯಾಗಿ ನೋಡು ಎಂದು ಹುಡುಗ ರೇಗಿದ. ಆಕೆ ಹುಡುಕುತ್ತಲೇ ಏನೇನೋ ಕೇಳುತ್ತಿದ್ದಳು, ಇವನು ಹೂಂಗುಟ್ಟುತ್ತಿದ್ದ. ಪ್ರೊಫೆಸರೆದುರು ಒಮ್ಮೆಯೂ ಕಣ್ಣೀರು ಹಾಕದ ದರ್ಜಿಯ ಮಗಳು ಮುಖ ಮುಚ್ಚಿಕೊಂಡು ಅಳತೊಡಗಿದಳು. ಪಾತ್ರೆಯಲ್ಲಿ ಹೀಲಿಯಂ ಆವಿಯಾಗುತ್ತಲೇ ಇತ್ತು. ಬೇಗ ಮುಗಿಸು ಎಂದು ಹುಡುಗನಿಗೆ ಯಾರೂ ಹೇಳಲಿಲ್ಲ.