ಕಾಳವ್ವನ ಫೈಲಿನ ದನಿ

ಲಾರಿ ಹಿಂದಕ್ಕೆ ಬರುತ್ತಿದೆ, ಟೀಂವ್ ಟೀಂವ್ ಎಂದು ಕೂಗಿಕೊಳ್ಳುತ್ತ, ಗೋಕುಲ ರಸ್ತೆಯ ಈ ಲಾರಿಗಳಿಗೆ ಮುಂದೆ ಹೋಗುವಾಗ ಇಲ್ಲದ ನಯ ಹಿಂದೆ ಬರುವಾಗ ಎಲ್ಲಿಂದ ಬರುತ್ತದೋ, ಸಿದ್ದಲಿಂಗಪ್ಪ ಸರ್ ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತ ಕೂತಿದ್ದಾರೆ, ಅದು ಸುಮ್ಮನಾಗಲಿ ಎಂದು, ಸುಮ್ಮನಾಗದಿರಲಿ ಎಂದು ಉಮಾಶ್ರೀ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾಳೆ, ಹಿಂದಕ್ಕೆ ಬರುತ್ತಲೇ ಇರಲಿ, ತಾರಿಹಾಳದವರೆಗೂ ಹಿಂದು ಹಿಂದಕ್ಕೇ ಹೋಗಲಿ, ಅದು ನಿಂತ ಗಳಿಗೆ ಸರ್ ಬಾಯಿ ತೆರೆಯುತ್ತಾರೆ, ಶಮೀಮಳನ್ನು ಕೆಲಸದಿಂದ ತೆಗೆಯುವ ಮಾತು ಹೊರಗೆ ಬೀಳುತ್ತದೆ, ಶಮೀಮ ಇಲ್ಲೇ ಪಕ್ಕದ ಕುರ್ಚಿಯಲ್ಲಿದ್ದಾಳೆ, ಮಡಿಲಲ್ಲಿ ಕೈ ಇಟ್ಟುಕೊಂಡು, ಸಂದರ್ಶನಕ್ಕೆ ಬಂದ ದಿನ ಕೂತಿದ್ದ ಹಾಗೆಯೇ, ಅಂದು ಅವಳನ್ನು ಆರಿಸಿದವಳು ಉಮಾಶ್ರೀಯೇ, ಈ ಹುಡುಗಿಯ ಕಿವಿ ಸೂಕ್ಷ್ಮ ಐತ್ರಿ ಸರ್, ತಗೊಳ್ಳೋಣು ಎಂದಿದ್ದಳು, ಕಿವಿ ಸೂಕ್ಷ್ಮ, ಹೌದು, ಎಷ್ಟು ಸೂಕ್ಷ್ಮವೆಂದು ಆಗ ಗೊತ್ತಿರಲಿಲ್ಲ, ಗೊತ್ತಿದ್ದರೆ ಬೇರೆ ಯಾರನ್ನಾದರೂ ಆರಿಸುತ್ತಿದ್ದಳೇನೋ, ಛೀ, ಎಂಥ ಯೋಚನೆ, ಈ ಹೊತ್ತಿನಲ್ಲೂ.

ಫೋನಿನಲ್ಲಿ ಹೆಸರು ಹೇಳಿದರೆ ಸಾಕು, ಕಂಪ್ಯೂಟರು ಅದನ್ನು ಗುರುತಿಸಿ ನಂಬರು ಹೇಳಬೇಕು, ದಪ್ಪ ಡಿರೆಕ್ಟರಿ ತಿರುವಿಹಾಕುವ ಕಾಲ ಮುಗಿಯಿತು, ಎರಡು ಸಾವಿರದ ಮೂರನೇ ಇಸವಿ ಬಂದರೂ ಇನ್ನೂ ಬೆರಳಿಗೆ ಉಗುಳು ಹಚ್ಚಿಕೊಂಡು ಪುಟ ಹುಡುಕಬೇಕೇನು ಎನ್ನುತ್ತ ಸರ್ ಈ ಕಂಪನಿ ಶುರು ಮಾಡಿದ್ದು, ಊರ ಜನರಿಂದ ಐವತ್ತು ಹೆಸರುಗಳನ್ನು ಹೇಳಿಸಿ ದನಿ ಹಿಡಿಯುವುದು, ಕೆಲವರ ದನಿಯನ್ನು ಕಂಪ್ಯೂಟರಿಗೆ ಕಲಿಸಲು ಕೊಡುವುದು, ಉಳಿದವರದನ್ನು ಬಚ್ಚಿಟ್ಟು ಪರೀಕ್ಷೆ ಮಾಡುವುದು, ದೀಪಾವಳಿಯ ಮುಂದೆ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಮೂರು ಬಂತು, ಸರ್ ಧಾರವಾಡದಿಂದ ಪೇಢೆ ತರಿಸಿದರು, ಟೆಲಿಫೋನಿನವರಿಗೆ ಸುದ್ದಿ ಮುಟ್ಟಿಸಿದರು, ಎರಡನೇ ಸಲ ಕಲಿಸಿ ನೋಡಿದರೆ ಎಪ್ಪತ್ತು, ಮತ್ತೊಮ್ಮೆ ಎಂಬತ್ತೈದು, ಮತ್ತೊಮ್ಮೆ ಅರವತ್ತು ಚಿಲ್ಲರೆ, ಪ್ರೋಗ್ರಾಮು ಅದೇ, ಯಂತ್ರ ಅದೇ, ದನಿಗಳೂ ಅವೇ, ಉತ್ತರ ಮಾತ್ರ ದಿನಕ್ಕೊಂದು, ಸೌಂಡ್ ಕಾರ್ಡ್ ಬದಲಿಸಿದರು, ವೈರಸ್ ಹುಡುಕಿದರು, ಕರೆಂಟು ಏರಿಳಿಯುತ್ತದೆಂದು ಯುಪಿಎಸ್ ತಂದರು, ಅಮಾವಾಸ್ಯೆಯ ದಿನ ಸರ್ ಸಿಪಿಯುಗೆ ವಿಭೂತಿ ಹಚ್ಚಿ ಕಾಯಿ ಒಡೆಸಿದರು, ಅವತ್ತು ಇನ್ನೂ ಎರಡು ಕಡಿಮೆ ಬಂತು, ಎಲ್ಲರೂ ನಕ್ಕರು, ಉಮಾಶ್ರೀಯೂ ನಕ್ಕಳು, ಎಲ್ಲರಿಗಿಂತ ಜೋರಾಗಿ ನಕ್ಕಳು, ಶಮೀಮ ಮಾತ್ರ ಹಟ ಬಿಡಲಿಲ್ಲ, ಯಾರ ದನಿ ಕಲಿಕೆಗೆ ಯಾರದು ಪರೀಕ್ಷೆಗೆ ಎಂದು ಕಂಪ್ಯೂಟರು ಪ್ರತಿ ಸಲ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತಲ್ಲ, ಅಲ್ಲಿಂದ ಹಿಡಿದಳು, ಗಂಡಸರ ದನಿ ಅಷ್ಟ ಹಾಕಿದ್ರ ಎಷ್ಟು ಸಲ ಮಾಡಿದ್ರೂ ಉತ್ತರ ಹೆಚ್ಚುಕಡಿಮಿ ಒಂದ ಬರ್ತೈತ್ರಿ ಅಕ್ಕಾರ, ಹೆಣ್ಣಮಕ್ಕಳ ದನಿ ಕೂಡಿಸಿದ ಕೂಡ್ಲೆ ಕುಣ್ಯಾಕ ಹತ್ತತೈತಿ, ಆ ದನ್ಯಾಗ ಏನೋ ಐತ್ರಿ ಎಂದಳು, ಉಮಾಶ್ರೀ ಚಹಾ ಕುಡಿಯುತ್ತಿದ್ದಳು, ಬಿಸಿಯಾಗಿತ್ತು, ನಾಲಗೆ ಸುಟ್ಟಿತು.

ಕೆಳಗೇರಿ ಅಲ್ಲ ಕೆಲಗೇರಿ ಎಂದು ಊರಿನ ಹೆಸರನ್ನೇ ಬಸ್ಸಿನಲ್ಲಿ ತಿದ್ದುವವಳು ಉಮಾಶ್ರೀ, ತನ್ನೂರಿನ ಹೆಂಗಸರ ದನಿಯನ್ನು ತಾನೇ ಹಿಡಿದು ತರುತ್ತೇನೆಂದು ಹೊರಟವಳು, ಪಡಸಾಲೆಯಲ್ಲಿ ಚಾಪೆ ಹಾಸಿ, ಚಹಾ ಚುರುಮುರಿ ಇಟ್ಟು, ಕೆರೆಯ ಕಡೆಯ ಗಾಳಿಯ ಸದ್ದು ಬರಬಾರದೆಂದು ಕಿಟಕಿ ಮುಚ್ಚಿ, ಪಕ್ಕದ ಮನೆಯ ಕಾಳವ್ವ ಮೊದಲು ಕೂತಳು, ಓದಲು ಬಾರದು, ಉಮಾಶ್ರೀ ಹೇಳಿಕೊಟ್ಟ ಹಾಗೆ ಒಂದೊಂದೇ ಹೆಸರು ಹೇಳುತ್ತ ಹೋದಳು, ಯಮನಪ್ಪ, ರಾಜಶೇಖರ, ದುರ್ಗೇಶ, ಆಮೇಲೆ ಮಡಿವಾಳಪ್ಪ ಎಂಬ ಹೆಸರು ಬಂತು, ಕಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಅಯ್ಯ ನಮ್ಮವ್ವಾ, ಅದನ್ನ ಹೆಂಗ ಹೇಳ್ಲಿ, ಮನಿಯವರ ಹೆಸರು, ಈ ಬಾಯಿಲೆ ಇಷ್ಟು ವರ್ಷ ಬಂದಿಲ್ಲ, ಈಗ ಬರ್ತೈತೇನು, ನೀನ ಹೇಳಿಬಿಡವಾ, ನಿನ್ನ ಕಂಪ್ಯೂಟರಿಗೇನ ಗೊತ್ತಾಗತೈತಿ, ಸುತ್ತ ಕೂತವರೆಲ್ಲ ನಕ್ಕರು, ಹೌದಲ್ಲ, ಏನು ಗೊತ್ತಾಗುತ್ತದೆ, ಜಾಗ ಖಾಲಿ ಬಿಟ್ಟರೆ ಪ್ರೋಗ್ರಾಮು ಮುಂದೆ ಹೋಗುವುದಿಲ್ಲ, ಒಂದೇ ಒಂದು ಹೆಸರು, ಉಮಾಶ್ರೀ ಮೈಕಿನ ಮುಂದೆ ಬಗ್ಗಿ ಮಡಿವಾಳಪ್ಪ ಎಂದಳು, ಕಾಳವ್ವನ ಹೆಸರಿನ ಫೈಲಿನಲ್ಲಿ ತನ್ನ ದನಿ ಹೋಗಿ ಕೂತಿತು, ಆಮೇಲೆ ಹುಲಿಗೆವ್ವ, ಅವಳಿಗೆ ಗಂಡನದಷ್ಟೇ ಅಲ್ಲ, ಮಾವನ ಹೆಸರೂ ಭಾವನ ಹೆಸರೂ ನಿಷಿದ್ಧ, ಸರಿ, ಅವನ್ನೂ ಉಮಾಶ್ರೀಯೇ ಹೇಳಿದಳು, ಮರುದಿನ ಬಂದವರಲ್ಲಿ ಒಬ್ಬಳಿಗೆ ಎಮ್ಮೆ ಹಿಂಡುವ ಹೊತ್ತಾಯಿತು, ಒಬ್ಬಳ ಮಗು ರಚ್ಚೆ ಹಿಡಿಯಿತು, ಅರ್ಧಕ್ಕೆ ಎದ್ದು ಹೋದರು, ಉಳಿದ ಅರ್ಧವನ್ನು ಯಾರು ತುಂಬಬೇಕು, ಬಾಗಿಲು ಮುಚ್ಚಿಕೊಂಡು ತಾನೇ ತುಂಬಿದಳು, ಒಂದು ಹೆಸರಿನಿಂದ ಶುರುವಾದದ್ದು ಇಪ್ಪತ್ತಕ್ಕೆ ಹೋಯಿತು, ಬೇಸರವಾದಾಗ ಮೂವತ್ತಕ್ಕೂ ಹೋಯಿತು, ಮತ್ತು ಇದನ್ನು ನೆನೆದರೆ ಕಿವಿಯ ತುದಿ ಬಿಸಿಯಾಗುತ್ತದೆ, ಹುಲಿಗೆವ್ವನ ಪಾಲಿನ ಹೆಸರುಗಳಿಗೆ ಗಂಟಲನ್ನು ಸ್ವಲ್ಪ ದಪ್ಪ ಮಾಡಿಕೊಂಡಿದ್ದಳು, ಅವಳ ಹಾಗೆಯೇ ಎಳೆದು ಹೇಳಿದ್ದಳು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಮುಚ್ಚಿದ ಕೋಣೆಯಲ್ಲಿ ಒಬ್ಬಳೇ, ನಾಟಕದವಳ ಹಾಗೆ. ಮರೆತಿದ್ದೆ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಳು. ಮರೆತಿರಲಿಲ್ಲ.

ಮರೆತವಳು ಸರ್ ಕೇಳಿದೊಡನೆ ಅಷ್ಟು ಲಗೂನೆ ಉತ್ತರ ಕೊಡುತ್ತಿರಲಿಲ್ಲ, ಶಮೀಮ ಹೆಂಗಸರ ದನಿಗಳನ್ನು ಒಂದೊಂದಾಗಿ ಕೇಳುತ್ತೇನೆ ಎಂದು ಕೂತ ದಿನ, ದೊಡ್ಡ ಹೆಡ್‌ಫೋನು, ಎರಡೂ ಕಿವಿ ಮುಚ್ಚುವಂಥದು, ಕಣ್ಣು ಮುಚ್ಚಿ ಕೇಳುತ್ತಿದ್ದವಳು ಒಂದು ಕಡೆ ನಿಂತಳು, ಅದೇ ಫೈಲನ್ನು ಮತ್ತೆ ಹಾಕಿದಳು, ಉಮಾಶ್ರೀ ಆಗಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು, ಹೂಂ, ಮಡಿವಾಳಪ್ಪ ಅಂತ ಅವರ ಹೆಸರು, ಬರಕೋರಿ ಎಂದು, ಶಮೀಮ ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯ ಮೇಲಿಂದ ಸರಿಸಿದಳು, ಒಂದು ಕಿವಿ ತೆರೆದದ್ದು ಒಂದು ಕಿವಿ ಮುಚ್ಚಿದ್ದು, ಉಮಾಶ್ರೀಯ ಕಡೆ ನೋಡಿದಳು, ಒಂದು ಕ್ಷಣ, ಮತ್ತೆ ಮೆಲ್ಲಗೆ ಮುಚ್ಚಿಕೊಂಡಳು, ಅಷ್ಟೇ, ಏನೂ ಕೇಳಲಿಲ್ಲ, ಕೇಳಿದ್ದರೆ ಚಲೋ ಇತ್ತು, ಅಕ್ಕಾರ ಇದು ನಿಮ್ಮ ದನಿ ಅಲ್ಲೇನ್ರಿ ಎಂದಿದ್ದರೆ ಬೈದಾದರೂ ಬೈಯಬಹುದಿತ್ತು, ಅತ್ತಾದರೂ ಅಳಬಹುದಿತ್ತು, ಸುಮ್ಮನಿದ್ದವಳ ಮುಂದೆ ಏನು ಮಾಡುವುದು, ಮಧ್ಯಾಹ್ನ ಸರ್ ಕೇಳಿದಾಗ ಉಮಾಶ್ರೀಯ ಬಾಯಿಂದ ಬಂದುಬಿಟ್ಟಿತು, ಶಮೀಮ ಫೈಲಿನ ಹೆಸರು ಅದಲಿ ಬದಲಿ ಮಾಡಿರಬೇಕ್ರಿ ಸರ್, ಹೊಸಬಳು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಎಷ್ಟು ಸರಾಗ, ಅವತ್ತೇ ಸಂಜೆ ಶಮೀಮಳ ಅಪ್ಪ ಬಡೇಸಾಬ ಬಂದ, ರೇಡಿಯೋ ರಿಪೇರಿಯವನು, ಮೈಕಿನ ವೈರಿನಲ್ಲಿ ದೋಷವಿದ್ದೀತೆಂದು ತಾನೇ ಬೆಸೆದ ಹೊಸ ವೈರನ್ನು ಪೇಪರಿನಲ್ಲಿ ಸುತ್ತಿಕೊಂಡು ತಂದಿದ್ದ, ಹುಡುಗಿಗೆ ಇದ ಮೊದಲನೇ ನೌಕ್ರಿ ಐತ್ರಿ ಅಕ್ಕಾರ, ತಪ್ಪ ಮಾಡಿದ್ರ ಬೈರಿ, ನೀವು ಬೈದ್ರ ನಮಗೇನ ಬ್ಯಾಸರಿಲ್ಲ, ನಿಮ್ಮ ಹೆಸರ ತಗೊಂಡ ಊಟ ಮಾಡ್ತಾಳ್ರಿ ಮನ್ಯಾಗ ಎಂದ, ವೈರನ್ನು ಎರಡೂ ಕೈಯಿಂದ ಕೊಟ್ಟ, ಉಮಾಶ್ರೀ ಎರಡೂ ಕೈಯಿಂದಲೇ ತೆಗೆದುಕೊಂಡಳು, ನೆಲ ಬಾಯಿ ಬಿಡಬಾರದೇ ಅನಿಸಿತು, ನೆಲ ಬಿಡಲಿಲ್ಲ, ಅವಳೂ ಬಿಡಲಿಲ್ಲ. ನಿನ್ನೆ ಶಮೀಮ ಊಟಕ್ಕೆ ಹೋದಾಗ ಆ ಹೆಡ್‌ಫೋನು ತಾನೇ ಹಾಕಿಕೊಂಡು ಕೇಳಿದಳು, ಕಾಳವ್ವನ ಫೈಲು, ಹುಲಿಗೆವ್ವನ ಫೈಲು, ಅಲ್ಲೆಲ್ಲ ತಾನೇ, ಗಂಟಲು ಬದಲಿಸಿದ್ದು ನಗು ಬರಿಸುವಷ್ಟು ಎದ್ದು ಕಾಣುತ್ತಿತ್ತು, ಕಂಪ್ಯೂಟರು ಚೀಟಿ ಎತ್ತಿದಾಗ ತನ್ನ ದನಿ ಕಲಿಕೆಗೂ ಪರೀಕ್ಷೆಗೂ ಹಂಚಿಹೋದರೆ ಯಂತ್ರ ಗುರುತು ಹಿಡಿದುಬಿಡುತ್ತಿತ್ತು, ಒಂದೇ ಕಡೆ ಬಿದ್ದರೆ ತಡಬಡಾಯಿಸುತ್ತಿತ್ತು, ತೊಂಬತ್ತಮೂರು ಎಂದರೆ ಅಷ್ಟೇ, ಪಾಠ ಹೇಳಿದವಳೇ ಪರೀಕ್ಷೆಗೂ ಕೂತಿದ್ದಳು, ಕೆಲಗೇರಿಯ ಹೆಂಗಸರ ದನಿಯನ್ನು ಯಂತ್ರ ಕಲಿತೇ ಇರಲಿಲ್ಲ.

ಲಾರಿ ನಿಂತಿತು. ನೋಡವಾ ಶಮೀಮ, ಸರ್ ಮಾತು ಶುರು ಮಾಡಿದರು, ದನಿಯಲ್ಲಿ ಸಿಟ್ಟಿಲ್ಲ, ಅದೇ ಕಷ್ಟ, ಬರೂ ವಾರ ಟೆಲಿಫೋನಿನವರು ಬರ್ತಾರ, ಅವರ ಮುಂದ ನಾ ಏನಂತ ಹೇಳ್ಲಿ, ಆ ಫೈಲೆಲ್ಲಾ ನೋಡಿಕೊಂಡಾಕಿ ನೀನ, ನಾಳಿಂದ ಬರೂದು ಬ್ಯಾಡ, ಸುಮ್ಮ ಕಳಿಸಾಕ ನನಗೂ ಮನಸ್ಸಿಲ್ಲ, ಏನರ ಹೇಳೂದಿದ್ರ ಈಗ ಹೇಳು, ಈಗ ಹೇಳುತ್ತಾಳೆ, ಉಮಾಶ್ರೀ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು, ಹೇಳಲಿ, ಹೇಳಿಬಿಡಲಿ, ಒಂದು ಮಾತು ಸಾಕು, ತನಗೂ ಮುಗಿದುಹೋಗಲಿ, ಶಮೀಮ ತಲೆ ಎತ್ತಿದಳು, ಅಕ್ಕಾರಿಗೆ ಗೊತ್ತೈತ್ರಿ ಸರ್, ಅವರು ಏನ ಹೇಳ್ತಾರ ಅದ ಖರೇ, ಎಂದಳು, ಅಷ್ಟನ್ನೇ ಎಂದಳು, ಮೊಂಡುತನ ಇಲ್ಲ, ಚುಚ್ಚು ಇಲ್ಲ, ಊಟಕ್ಕೆ ಎಲೆ ಹಾಸಿ ಕೂಡ್ರಿ ಎಂದ ಹಾಗೆ ಜಾಗ ಮಾಡಿಕೊಟ್ಟಳು, ಸರ್ ಈ ಕಡೆ ತಿರುಗಿದರು, ಏನ್ರಿ ಉಮಾಶ್ರೀ ಅವರ, ನನ್ನ ದನಿ ಸರ್, ಅದು ನನ್ನ ದನಿ, ಇಷ್ಟೇ, ಮೂರು ಮಾತು, ಗಂಟಲಿನವರೆಗೆ ಬಂದಿವೆ, ಬಂದು ನಿಂತಿವೆ, ತೊಂಬತ್ತಮೂರು, ಪೇಢೆ, ಟೆಲಿಫೋನಿನವರ ಮುಂದೆ ಸರ್ ತನ್ನ ಹೆಸರು ಎತ್ತಿ ಹೊಗಳಿದ್ದು, ಬಾಯಿ ತೆರೆಯಿತು, ಫೈಲ್ ಅದಲಿ ಬದಲಿ ಆಗ್ಯಾವ್ರಿ ಸರ್, ಎಂದಿತು, ತಡವರಿಸದೆ, ಸ್ಪಷ್ಟವಾಗಿ, ಮೈಕಿನ ಮುಂದೆ ಹೇಳಿದ ಹಾಗೆ, ಗಂಟಲು ಸ್ವಲ್ಪ ದಪ್ಪವಾಗಿ, ಶಮೀಮ ತಲೆಯ ಮೇಲಿನ ದುಪಟ್ಟಾವನ್ನು ಒಂದು ಕಿವಿಯ ಮೇಲಿಂದ ಸರಿಸಿದಳು, ಈ ಕಡೆ ನೋಡಿದಳು, ಸರ್ ಏನೋ ಹೇಳುತ್ತಿದ್ದಾರೆ, ಕುರ್ಚಿ ಸರಿದ ಸದ್ದು, ಬಾಗಿಲು, ಉಮಾಶ್ರೀಗೆ ಅದಾವುದೂ ತಲುಪುತ್ತಿಲ್ಲ, ಒಂದು ಕಿವಿ ತೆರೆದದ್ದು, ಒಂದು ಕಿವಿ ಮುಚ್ಚಿದ್ದು, ಶಮೀಮ ಇನ್ನೂ ನೋಡುತ್ತಿದ್ದಾಳೆ, ಒಂದು ಕಿವಿ ತೆರೆದದ್ದು —