ಹೆಲ್ಸಿಂಕಿಯಲ್ಲಿ ಉಳಿದ ಸೀಟಿ

ನಾನು ಒಂದು ಹಿತ್ತಾಳೆಯ ಸೀಟಿ. ಉತ್ತರ ಭಾರತದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ಹೊಟ್ಟೆಯೊಳಗೆ ಒಂದು ಬೆಂಡಿನ ಗುಂಡು ಬಿಟ್ಟು ಬೆಸುಗೆ ಹಾಕಿದರು. ಅದೇ ನನ್ನ ಜೀವ. ಗದಗಿನ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಬಾಚಣಿಗೆ, ಬೀಗಗಳ ನಡುವೆ ನೇತಾಡುತ್ತಿದ್ದಾಗ ಅನಸವ್ವ ನನ್ನನ್ನು ಕೊಂಡಳು. ಆ ವಾರವಷ್ಟೇ ಅವಳಿಗೆ ಕಂಡಕ್ಟರ್ ಕೆಲಸ ಸಿಕ್ಕಿತ್ತು. ಅಂಗಡಿಯಲ್ಲೇ ಊದಿ ನೋಡಿದಳು. ಬೀದಿಯಲ್ಲಿ ಹೋಗುತ್ತಿದ್ದ ಟಾಂಗಾ ನಿಂತಿತು.

"ಇದ ಇರ್ಲಿ," ಅಂದಳು.

ಇಪ್ಪತ್ತೆಂಟು ವರ್ಷ ಅವಳ ಕೊರಳಲ್ಲಿದ್ದೆ. ಒಂದು ಸಲ ಕೂಗಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಕೂಗಿದರೆ ಹೊರಡಬೇಕು. ಇಳಿಯುವ ಮುದುಕರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿದ್ದರೆ ನಾನು ಬಿಡುತ್ತಿರಲಿಲ್ಲ. ನನ್ನ ಬಾಯಿ ಬಲು ಜೋರು ಎಂದು ಡ್ರೈವರುಗಳು ಗೊಣಗುತ್ತಿದ್ದರು. ಗೊಣಗಲಿ ಬಿಡಿ, ನಿಲ್ಲಿಸುತ್ತಿದ್ದರಲ್ಲ. ನಿವೃತ್ತಿಯಾದ ಮೇಲೂ ಅವಳು ನನ್ನನ್ನು ಕೊರಳಿನಿಂದ ತೆಗೆಯಲಿಲ್ಲ.

ಅವಳ ತಮ್ಮನ ಮಗಳು ಸುವರ್ಣಾ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನರ್ಸ್. ತಾಯಿಯಿಲ್ಲದ ಹುಡುಗಿ. ಅವಳ ಬಾಣಂತನಕ್ಕೆಂದು ಅನಸವ್ವ ಮೂರು ತಿಂಗಳು ಅಲ್ಲಿಗೆ ಹೋದಳು. ಅವಳ ಕೊರಳಲ್ಲಿ ನಾನೂ ಹೋದೆ.

ಸುವರ್ಣಾ ಮಧ್ಯಾಹ್ನ ಕಣ್ಣು ಮುಚ್ಚಲಿ ಎಂದು ಅನಸವ್ವ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಟ್ರಾಮ್ ಹತ್ತುತ್ತಿದ್ದಳು. ಕೂಸಿನ ಗಾಡಿ ತಳ್ಳುವವರಿಗೆ ಅಲ್ಲಿ ಟಿಕೆಟ್ಟೇ ಬೇಡ. ಮೊದಲ ದಿನ ಅವಳು ಅದನ್ನು ನಂಬಲಿಲ್ಲ. ನಾಲ್ಕು ನಿಮಿಷ ಎಂದು ನಿಲ್ದಾಣದ ಹಲಗೆ ತೋರಿಸಿದರೆ ನಾಲ್ಕೇ ನಿಮಿಷಕ್ಕೆ ಟ್ರಾಮ್ ಬರುತ್ತಿತ್ತು. ಕಟ್ಟೆಗೂ ಟ್ರಾಮಿನ ನೆಲಕ್ಕೂ ಒಂದೇ ಮಟ್ಟ, ಗಾಡಿ ಎತ್ತಬೇಕಿಲ್ಲ. ಪ್ರತಿ ನಿಲ್ದಾಣದ ಹೆಸರನ್ನು ಒಂದು ದನಿ ತಾನೇ ಹೇಳುತ್ತಿತ್ತು. ಇಳಿಯುವವರು ಗುಂಡಿ ಒತ್ತುತ್ತಿದ್ದರು. ಕಂಡಕ್ಟರ್ ಇರಲಿಲ್ಲ.

"ಎಷ್ಟ ಚಂದ ಮಾಡ್ಯಾರ ನೋಡವಾ," ಎಂದು ಅವಳು ಕೂಸಿಗೆ ಹೇಳುತ್ತಿದ್ದಳು. ಎರಡನೆಯ ವಾರದಿಂದ ಹಾಗೆ ಹೇಳುವುದು ಕಡಿಮೆಯಾಯಿತು. ಪಕ್ಕದ ಸೀಟು ಖಾಲಿಯಿದ್ದರೂ ಯಾರೂ ಬಂದು ಕೂರುತ್ತಿರಲಿಲ್ಲ, ಕೂತರೂ ಮಾತಾಡುತ್ತಿರಲಿಲ್ಲ. ದಿನಕ್ಕೆ ನೂರಾರು ಜನರ ಜೊತೆ ಜಗಳವಾಡಿ, ನಕ್ಕು ಬದುಕಿದವಳು ಅವಳು. ಒಂದು ದಿನ ಮೆಲ್ಲಗೆ, "ನಮ್ಮ ಕೆಲಸ ಇಲ್ಲಿ ಏನೂ ಇಲ್ಲವ್ವಾ," ಅಂದಳು. ಅವಳು ಅದನ್ನು ಕೂಸಿಗೆ ಹೇಳಿದಳೋ ನನಗೆ ಹೇಳಿದಳೋ ತಿಳಿಯಲಿಲ್ಲ.

ಮರುವಾರ ಒಬ್ಬ ಮುದುಕ ಊರಿ ನಡೆಯುವ ಚಕ್ರದ ಕೈಗಾಡಿ ಹಿಡಿದು ಇಳಿಯುತ್ತಿದ್ದ. ಬಾಗಿಲು ಮುಚ್ಚತೊಡಗಿತು. ಅನಸವ್ವ ಯೋಚಿಸಲೇ ಇಲ್ಲ. ನನ್ನನ್ನು ಬಾಯಿಗಿಟ್ಟು ಉದ್ದಕ್ಕೆ ಊದಿದಳು. ನಾನು ಜೀವ ಹೋಗುವಂತೆ ಕೂಗಿದೆ. ಅಷ್ಟರಲ್ಲಿ ಬಾಗಿಲು ಮುದುಕನನ್ನು ತಾನೇ ಗುರುತಿಸಿ ತೆರೆದುಕೊಂಡಿತ್ತು. ಅವನು ಆರಾಮವಾಗಿ ಇಳಿದು ಹೋದ. ಟ್ರಾಮಿನಲ್ಲಿದ್ದವರೆಲ್ಲ ಅವಳತ್ತ ತಿರುಗಿ, ಮತ್ತೆ ಕಿಟಕಿಯಾಚೆ ನೋಡಿದರು.

ಚಾಲಕ ತನ್ನ ಗೂಡಿನಿಂದ ಎದ್ದು ಬಂದ. ಅವಳ ಮುಂದೆ ನಿಂತು ನನ್ನತ್ತ ಬೆರಳು ತೋರಿಸಿ ಅಂಗೈ ಚಾಚಿದ. ಅವನು ನಗುತ್ತಿದ್ದ. ಅವಳು ಮುಖ ನೋಡಲಿಲ್ಲ, ಅಂಗೈಯನ್ನಷ್ಟೇ ನೋಡಿದಳು. ನಮ್ಮಲ್ಲಿ ತಪಾಸಣೆಯವರು ಬಸ್ ಹತ್ತಿ ಕೈ ಚಾಚಿದರೆ ಕಂಡಕ್ಟರ್ ಕೇಳಿದ್ದನ್ನು ಮರುಮಾತಿಲ್ಲದೆ ಕೊಟ್ಟುಬಿಡಬೇಕು. ಅವಳು ದಾರವನ್ನು ಕೊರಳಿನಿಂದ ತೆಗೆದು ನನ್ನನ್ನು ಆ ಅಂಗೈಯಲ್ಲಿಟ್ಟಳು.

"ತಪ್ಪಾತ್ರಿ," ಎಂದು ಕೈ ಮುಗಿದಳು.

ಅವನು ಕ್ಷಣ ಹೊತ್ತು ಬೆರಗಾದ. ಆಮೇಲೆ ತಾನೂ ಕೈ ಮುಗಿದು, ನನ್ನನ್ನು ಎದೆಗೊತ್ತಿಕೊಂಡು ಗೂಡಿಗೆ ಮರಳಿದ.

ನಾಲ್ಕು ದಿನದ ನಂತರ ಅವಳು ಅದೇ ಟ್ರಾಮ್ ಹತ್ತಿದಳು. ನಾನು ಚಾಲಕನ ಕನ್ನಡಿಯ ಕೆಳಗೆ ತೂಗುತ್ತಿದ್ದೆ. ಅವನು ಅವಳನ್ನು ಕಂಡು, ನನ್ನನ್ನು ತೋರಿಸಿ ತಲೆದೂಗಿದ. ಅನಸವ್ವನ ಮುಖ ಸಣ್ಣದಾಯಿತು.

"ಎಲ್ಲಾರಿಗೂ ಕಾಣೂಹಂಗ ತೂಗಹಾಕ್ಯಾರ ನೋಡವಾ," ಎಂದಳು ಕೂಸಿಗೆ. "ನಾ ಮಾಡಿದ್ದ ತಪ್ಪ, ಯಾವ ಬಾಯಿಲೆ ವಾಪಸ್ ಕೇಳಲಿ? ನಿಮ್ಮವ್ವಗ ಹೇಳಬ್ಯಾಡ."

ಮುಂದಿನ ನಿಲ್ದಾಣದಲ್ಲೇ ಇಳಿದು ಹಿಮದಲ್ಲಿ ಗಾಡಿ ತಳ್ಳುತ್ತ ನಡೆದಳು. ಖಾಲಿ ಕೊರಳಿಗೆ ಒಮ್ಮೆ ಕೈ ಹೋಯಿತು. ಮತ್ತೆ ಅವಳು ಆ ಟ್ರಾಮ್ ಹತ್ತಲಿಲ್ಲ.

ಚಾಲಕನ ಹೆಸರು ತೌನೊ. ಈಗ ಅವನೂ ನಿವೃತ್ತ. ಒಬ್ಬನೇ ಇರುತ್ತಾನೆ. ನಾನು ಅವನ ಅಡುಗೆಮನೆಯ ಗೋಡೆಯಲ್ಲಿ, ಕಾಫಿ ಪಾತ್ರೆಯ ಪಕ್ಕದ ಮೊಳೆಯಲ್ಲಿದ್ದೇನೆ. ಇಷ್ಟು ವರ್ಷದಲ್ಲಿ ಅವನ ಭಾಷೆ ಕಲಿತಿದ್ದೇನೆ. ಅಪರೂಪಕ್ಕೆ ಯಾರಾದರೂ ಬಂದರೆ ನನ್ನ ಕಥೆ ಹೇಳುತ್ತಾನೆ. ಅವನ ತಾಯಿ ಹಿಂದೆ ಇದೇ ಊರಿನ ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದಳಂತೆ. ಭಾರತದ ಆ ಹೆಂಗಸು ಊದಿದ ರೀತಿಯಲ್ಲೇ ಅವಳೂ ಕಂಡಕ್ಟರೇ ಎಂದು ಗೊತ್ತಾಯಿತಂತೆ. ಸೀಟಿಯನ್ನು ಒಮ್ಮೆ ನೋಡೋಣವೆಂದು ಕೈ ಚಾಚಿದರೆ ಕೊಟ್ಟೇಬಿಟ್ಟಳಂತೆ. ತನಗೆ ಯಾರೂ ಅಂಥ ಉಡುಗೊರೆ ಕೊಟ್ಟಿಲ್ಲ ಎನ್ನುತ್ತಾನೆ.

ಈ ಊರಿನಲ್ಲಿ ಅವಳನ್ನು ಗುರುತಿಸಿದವನು ಅವನೊಬ್ಬನೇ. ಅವಳಿಗೆ ಅದು ಗೊತ್ತಿಲ್ಲ. ಅವಳ ಪಾಲಿಗೆ ತಾನು ಕಸಿದುಕೊಂಡವನೆಂಬುದು ಅವನಿಗೂ ಗೊತ್ತಿಲ್ಲ. ಎರಡೂ ಗೊತ್ತಿರುವುದು ನನಗೆ ಮಾತ್ರ, ನನಗೋ ಯಾರಾದರೂ ಊದದೆ ದನಿಯಿಲ್ಲ. ಕಥೆ ಮುಗಿಸಿ ತೌನೊ ನನ್ನನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾನೆ. ಬಂದವರು ಊದಲು ಕೇಳಿದರೆ, ಅದು ಅವಳದು ಎಂದು ಹೇಳಿ ನನ್ನನ್ನು ಮತ್ತೆ ಮೊಳೆಗೆ ಹಾಕುತ್ತಾನೆ.