ಮಾಯಣ್ಣನ ಹನ್ನೊಂದು ಹೆಂಡಿರು

ಗುಂಡ್ಲಹಳ್ಳಿಯ ಮತದಾರರ ಪಟ್ಟಿಯನ್ನು ನಂಬುವುದಾದರೆ, ಆ ಊರಿನಲ್ಲಿ ಮಾಯಣ್ಣನೆಂಬ ಒಬ್ಬ ಮಹಾನುಭಾವನಿದ್ದ, ಅವನಿಗೆ ಹನ್ನೊಂದು ಜನ ಹೆಂಡಿರಿದ್ದರು. ಅಂಗನವಾಡಿಯ ಶೋಭಾರಾಣಿ ಪಟ್ಟಿ ಹಿಡಿದು ಓಣಿ ಓಣಿ ಅಲೆದದ್ದೇ ಬಂತು, ಮಾಯಣ್ಣ ಮಾತ್ರ ಎಲ್ಲೂ ಸಿಗಲಿಲ್ಲ.

ಈ ಶೋಭಾರಾಣಿಯ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳ ಮೂಗು ಒರೆಸಿ, ಮೊಟ್ಟೆ ಸುಲಿದು ಕೊಟ್ಟು, ಮಧ್ಯಾಹ್ನದ ಮೇಲೆ ಎಂಟುನೂರ ಅರವತ್ತು ಮತದಾರರ ಬಾಗಿಲು ತಟ್ಟುವ ಹೆಂಗಸು ಅವಳು. ಚುನಾವಣೆ ಬಂದಾಗ ಎಲ್ಲರಿಗೂ ಅಂಗನವಾಡಿಯವರ ನೆನಪಾಗುತ್ತದೆ, ಮುಗಿದ ಮೇಲೆ ಅಷ್ಟೇ ಬೇಗ ಮರೆತೂ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮನೆಯನ್ನೂ ಬಿಟ್ಟವಳಲ್ಲ.

ಮಾಯಣ್ಣನ ಗುಟ್ಟು ರಟ್ಟಾದದ್ದು ಅಶ್ವತ್ಥಮ್ಮನ ಜಗಲಿಯ ಮೇಲೆ. ನಿಮ್ಮ ಯಜಮಾನರ ಹೆಸರೇನಮ್ಮ ಎಂದು ಕೇಳಿದರೆ, ಅರವತ್ತಾರು ವರ್ಷದ ಆ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಕೈ ತೋರಿಸಿ, ‘ಮಾ ಆಯನ...’ ಎಂದು ನಿಲ್ಲಿಸಿದಳು. ಆಂಧ್ರದ ಗಡಿ ಕೂಗಳತೆಯಲ್ಲಿರುವ ಮುಳಬಾಗಿಲಿನ ಆ ಕಡೆಯ ಊರುಗಳಲ್ಲಿ ಮನೆಮಾತು ತೆಲುಗು. ‘ನಮ್ಮ ಯಜಮಾನರು, ಅವರನ್ನೇ ಕೇಳಿ’ ಎಂದು ಅದರ ಅರ್ಥ. ಹಿಂದೆ ಎಂದೋ ಪಟ್ಟಿ ಬರೆಯಲು ಬಂದಿದ್ದ ಪುಣ್ಯಾತ್ಮನಿಗೆ ತೆಲುಗಿನ ಗಂಧವಿರಲಿಲ್ಲ. ಅವನು ಕಿವಿಗೆ ಬಿದ್ದಂತೆ ‘ಮಾಯಣ್ಣ’ ಎಂದು ಬರೆದುಕೊಂಡು ಹೋಗಿದ್ದ. ನಾಚಿಕೆಯ ಹೆಂಗಸರೆಲ್ಲ ಒಬ್ಬನೇ ಗಂಡನ ಪಾಲಾಗಿದ್ದರು. ಶೋಭಾರಾಣಿ ಪಟ್ಟಿಯನ್ನು ಮುಖಕ್ಕೆ ಮುಚ್ಚಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಒಂಬತ್ತು ಜನರ ತಿದ್ದುಪಡಿ ಸಲೀಸಾಗಿ ಆಯಿತು. ಉಳಿದ ಇಬ್ಬರದು ಮಾತ್ರ ಕಗ್ಗಂಟು. ಇಬ್ಬರ ಹೆಸರೂ ಅಶ್ವತ್ಥಮ್ಮ, ಇಬ್ಬರ ಗಂಡನೂ ಮಾಯಣ್ಣ, ವಯಸ್ಸಿನಲ್ಲಿ ಒಂದೇ ವರ್ಷದ ಅಂತರ. ಇಬ್ಬರೂ ಒಬ್ಬಳೇ ಎಂದು ಕಂಪ್ಯೂಟರ್ ತೀರ್ಮಾನಿಸಿ, ಒಂದು ಹೆಸರನ್ನು ಕೈಬಿಡಲು ನೋಟೀಸು ಬಂದಿತ್ತು. ಹತ್ತು ದಿನದೊಳಗೆ ಇಬ್ಬರೂ ತಾಲ್ಲೂಕು ಕಚೇರಿಗೆ ಬಂದು ಅಧಿಕಾರಿಯ ಮುಂದೆ ತಮ್ಮ ಗಂಡಂದಿರ ಹೆಸರನ್ನು ತಾವೇ ಹೇಳಬೇಕಿತ್ತು.

ಕೆಳಗಿನ ಬೀದಿಯ ಅಶ್ವತ್ಥಮ್ಮನ ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಹೆಸರು ಹೇಳಿದರೆ ಇನ್ನೊಂದು ಸಲ ಸಾಯುತ್ತಾನಾ, ಹೇಳ್ತೀನಿ ಬಿಡು ಎಂದಳು ಅವಳು. ಕಷ್ಟ ಬಂದದ್ದು ಜಗಲಿಯ ಮೇಲೆ ಸೆರಗು ಅಡ್ಡ ಹಿಡಿದಿದ್ದ ಈ ಅಶ್ವತ್ಥಮ್ಮನಿಗೆ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ಅವಳ ಅತ್ತೆ ಹೇಳಿದ್ದನ್ನು ನಲವತ್ತೆಂಟು ವರ್ಷ ಮೀರಿರಲಿಲ್ಲ. ಗಂಡ ಕದಿರಪ್ಪ. ಅದಕ್ಕಾಗಿ ಕದಿರಿ ಎಂಬ ಊರಿನ ಹೆಸರನ್ನೂ ಎತ್ತದೆ, ‘ನರಸಿಂಹಸ್ವಾಮಿ ಊರು’ ಎನ್ನುತ್ತಿದ್ದಳು. ಮೇಲಾಗಿ ಕದಿರಪ್ಪ ಎದೆನೋವಿನಿಂದ ಕೋಲಾರದ ಆಸ್ಪತ್ರೆ ಸೇರಿ ಮನೆಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ, ಬಸ್ಸು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಮಗ ಆಂಜಿಗೆ ನರಸಾಪುರದ ಕಂಪನಿಯಲ್ಲಿ ಶಿಫ್ಟು. ಅವನು ಅಮ್ಮನ ಗುರುತಿನ ಚೀಟಿಯಲ್ಲಿ ಮಾಯಣ್ಣನನ್ನು ಎಂದೋ ಕಂಡಿದ್ದ, ಇವರು ಇನ್ನೇನು ಸರಿಯಾಗಿ ಬರೀತಾರೆ ಎಂದು ಸುಮ್ಮನಾಗಿದ್ದ.

ಒಂದು ಓಟಿಗೆ ಇಷ್ಟು ಕಷ್ಟ ಯಾಕೆ, ಬಿಟ್ಟುಬಿಡು ಎಂದು ನೆರೆಯವರು ಹೇಳಿದರು. ಅಶ್ವತ್ಥಮ್ಮ ಶೋಭಾರಾಣಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಈ ಊರಿಗೆ ಬಂದಾಗ ಸೊಸೆ ಅಂದ್ರು, ಆಮೇಲೆ ಆಂಜಿ ತಾಯಿ ಅಂದ್ರು ಟೀಚರಮ್ಮ. ಓಟಿನ ದಿನ ಒಬ್ಬ ಆಫೀಸರು ಎಲ್ರಿಗೂ ಕೇಳೋ ಹಂಗೆ ‘ಅಶ್ವತ್ಥಮ್ಮ’ ಅಂತ ಕೂಗ್ತಾನೆ. ಅದನ್ನ ಕೇಳಕ್ಕೇ ನಾನು ಹೋಗೋದು.”

ಈ ಹೆಂಗಸಿನ ಓಟು ಹೋಗಬಾರದು ಎಂದು ಶೋಭಾರಾಣಿ ಅಲ್ಲೇ ಗಟ್ಟಿ ಮಾಡಿಕೊಂಡಳು. ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಬಿಗಿಯುವುದು ಸುಲಭವಿತ್ತು, ಬಿಗಿಯಲಿಲ್ಲ. ಆಸ್ಪತ್ರೆಯಿಂದ ಗಂಡನನ್ನು ಉಳಿಸಿಕೊಂಡು ಬಂದವಳ ಎದೆಯಲ್ಲಿ ಎಂಥ ಭಯವಿರುತ್ತದೆಂದು ಅವಳಿಗೆ ತಿಳಿಯದ್ದಲ್ಲ. ಅದು ದೊಡ್ಡ ಗುಣ, ಅನೇಕ ಓದಿದವರಿಗೆ ಇರುವುದಿಲ್ಲ.

ಮರುದಿನ ಅಂಗನವಾಡಿಯಲ್ಲಿ ಒಂದು ಮಗು ತುಟಿ ಬಿಗಿದು ಸ್ಲೇಟಿನ ಮೇಲೆ ‘ಅ’ ತಿದ್ದುತ್ತಿತ್ತು. ಶೋಭಾರಾಣಿ ಅದನ್ನೇ ನೋಡುತ್ತ ನಿಂತಳು, ಆಮೇಲೆ ಒಂದು ಸ್ಲೇಟು ಹಿಡಿದು ಅಶ್ವತ್ಥಮ್ಮನ ಮನೆಗೆ ನಡೆದಳು.

“ಹೇಳಬಾರ್ದು ಅಂತ ನಿಮ್ಮತ್ತೆ ಅಂದ್ರು. ಬರೀಬಾರ್ದು ಅಂತ ಅಂದ್ರಾ?”

ಅಶ್ವತ್ಥಮ್ಮ ಸ್ಲೇಟನ್ನು ಕೈಗೆ ತೆಗೆದುಕೊಂಡಳು. “ಅಂದಿಲ್ಲ. ನಮಗೆ ಬರಿಯೋಕೆ ಬರ್ತದೆ ಅಂತ ಅವರು ಯಾವತ್ತು ಅಂದ್ಕೊಂಡಿದ್ರು?”

ಅಂದಿನಿಂದ ಮಕ್ಕಳು ಮನೆಗೆ ಹೋದ ಮೇಲೆ ಅಂಗನವಾಡಿಗೆ ಇಪ್ಪತ್ತಮೂರನೆಯ ಮಗು ಬರತೊಡಗಿತು. ಕಳೆ ಕಿತ್ತು, ಹಸು ಹಿಂಡಿ ಗಟ್ಟಿಯಾದ ಬೆರಳಲ್ಲಿ ಬಳಪ ತುಂಡುತುಂಡಾಗುತ್ತಿತ್ತು. ‘ಕ’ ಬಂತು, ‘ದಿ’ ಬಂತು, ‘ರ’ ಸುಲಭವಾಯಿತು. ‘ಪ್ಪ’ದ ಒತ್ತು ಮಾತ್ರ ಮೂರು ದಿನ ಸತಾಯಿಸಿತು. ಕುರುಡುಮಲೆ ಗಣಪತಿಗೆ ಕಾಯಿ ಒಡೆಸುವ ಹರಕೆ ಹೊತ್ತಳು. ಒಂಬತ್ತನೆಯ ದಿನ ಒತ್ತು ತನ್ನ ಜಾಗದಲ್ಲಿ ಕೂತಿತು. ಇಷ್ಟೂ ದಿನ ಇಬ್ಬರಲ್ಲಿ ಯಾರೂ ಆ ಹೆಸರನ್ನು ಬಾಯಿಬಿಟ್ಟು ಓದಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಕೆಳಗಿನ ಬೀದಿಯ ಅಶ್ವತ್ಥಮ್ಮ ಗಂಡನ ಹೆಸರನ್ನು ಪಕ್ಕದ ಕೋಣೆಗೂ ಕೇಳುವಂತೆ ಹೇಳಿ ಬಂದಳು. ಆಮೇಲೆ ಇವಳ ಸರದಿ. ಅಧಿಕಾರಿ ಕೇಳಿದ. ಅಶ್ವತ್ಥಮ್ಮ ಬಾಯಿ ತೆರೆಯದೆ ಪೆನ್ನಿಗೆ ಕೈ ಚಾಚಿದಳು. ಶೋಭಾರಾಣಿ ಎರಡು ಮಾತಿನಲ್ಲಿ ವಿಷಯ ತಿಳಿಸಿದಳು. ಅವನು ಒಳ್ಳೆಯವನು, ಕಾಗದ ಮುಂದೆ ಸರಿಸಿ ಕಾದ. ನಾಲ್ಕು ಅಕ್ಷರ ಮೂಡಲು ಎರಡು ನಿಮಿಷ ಹಿಡಿಯಿತು.

“ಕದಿರಪ್ಪ,” ಎಂದು ಅಧಿಕಾರಿ ಓದಿದ. ಅಶ್ವತ್ಥಮ್ಮ ತಲೆಬಾಗಿ ಸೆರಗು ಸರಿಪಡಿಸಿಕೊಂಡಳು. ಹೆಸರು ಉಳಿಯಿತು, ಇಲ್ಲಿ ಸಹಿ ಹಾಕಿ ಎಂದ. ಅವಳು ಎಡಗೈ ಹೆಬ್ಬೆರಳು ಮುಂದೆ ಮಾಡಿದಳು. ಬರೆಯಲು ಬರುತ್ತದಲ್ಲ ಎಂದು ಅವನಿಗೆ ಆಶ್ಚರ್ಯ.

“ಅವರ ಹೆಸರೊಂದೇ ಸಾಮಿ ಬರೋದು,” ಎಂದಳು ಅಶ್ವತ್ಥಮ್ಮ.

ಶೋಭಾರಾಣಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ತನ್ನ ಹೆಸರು ಕೇಳಲೆಂದೇ ಓಟಿಗೆ ಹೋಗುವವಳಿಗೆ ಒಂಬತ್ತು ದಿನ ಪಾಠ ಹೇಳಿ, ಅವಳ ಹೆಸರನ್ನೇ ಕಲಿಸಿರಲಿಲ್ಲ. ವಾಪಸು ಬಸ್ಸಿನಲ್ಲಿ, ನಾಳೆಯಿಂದ ನಿಮ್ಮ ಹೆಸರು ಕಲಿಯೋಣ ಎಂದಳು. ಅದಕ್ಕೆ ಎಷ್ಟು ಒತ್ತು ಎಂದು ಅಶ್ವತ್ಥಮ್ಮ ಕೇಳಿದಳು. ಮೂರು ಎಂದಾಗ ಬೆರಳು ಮಡಚಿ ಎಣಿಸಿ ಹೇಳಿದಳು.

“ಅವರದಕ್ಕೆ ಒಂದು, ನನ್ನದಕ್ಕೆ ಮೂರು. ನೋಡಮ್ಮ, ಇದು ಯಾರಿಗೂ ಗೊತ್ತೇ ಇರ್ಲಿಲ್ಲ.”

ಮತದಾನದ ದಿನ ಶೋಭಾರಾಣಿ ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡು ಚೀಟಿ ಹುಡುಕಿ ಕೊಡುತ್ತಿದ್ದಳು. ತೆರೆದ ಬಾಗಿಲಿನಿಂದ ಕೂಗು ಕೇಳಿಸಿತು. “ಅಶ್ವತ್ಥಮ್ಮ.” ಒಳಗಿನವನು ವಯಸ್ಸು ನೋಡಿ ಅಭ್ಯಾಸದಂತೆ ಶಾಯಿಯ ಪ್ಯಾಡನ್ನು ಮುಂದಿಟ್ಟ. ಅಶ್ವತ್ಥಮ್ಮ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ಸಾಲು ನಿಂತಿತು, ಹಿಂದಿದ್ದ ಗಂಡಸರು ಗೊಣಗಿದರು. ಅವಳು ಯಾರ ಕಡೆಗೂ ತಿರುಗಲಿಲ್ಲ.

ಹೊರಗೆ ಬಂದವಳು ಶಾಯಿ ಹಚ್ಚಿದ ಬೆರಳನ್ನು ತೋರಿಸಲಿಲ್ಲ. ಮೇಜಿನ ಹತ್ತಿರ ಬಗ್ಗಿ, ಗುಟ್ಟಿನಂತೆ ಹೇಳಿದಳು.

“ಮೂರೂ ಹಾಕ್ದೆ ಟೀಚರಮ್ಮ. ಒಂದೂ ಬಿಡ್ಲಿಲ್ಲ.”